ಇಪ್ಪತ್ತು ಅಂದ್ರೆ ಎಷ್ಟು?

ಕೊಡೈಕೆನಾಲಿನ ಪಾದರಸದ ಬಗ್ಗೆ ಎರಡು ವಿಡಿಯೋ ಹಾಡುಗಳಿವೆ. 2015ರ ‘ಕೊಡೈಕೆನಾಲ್ ವೋಂಟ್’ ನಮ್ಮಲ್ಲಿ ಬಹಳ ಜನ ನೋಡಿದೀವಿ, ಆಫೀಸಲ್ಲೇ ಕೂತು ಶೇರ್ ಮಾಡಿದೀವಿ. ನಿಕಿ ಮಿನಾಜ್ ಟ್ಯೂನಿಗೆ ಸೋಫಿಯಾ ಅಶ್ರಫ್ ಹಾಡಿದ ಖಡಕ್ ರ‍್ಯಾಪ್. ಮರುವರ್ಷ ಹಿಂದೂಸ್ತಾನ್ ಯೂನಿಲಿವರ್ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದ ಮಾಡಿಕೊಂಡಿತು. ಹಾಡಿನಿಂದಲೇ ಆಯ್ತು ಅನ್ನಲಾರೆ. ಕಾರ್ಮಿಕರು ಅಷ್ಟೊತ್ತಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದರು.

2018ರ ‘ಕೊಡೈಕೆನಾಲ್ ಸ್ಟಿಲ್ ವೋಂಟ್’ನಲ್ಲಿ ಟಿ. ಎಂ. ಕೃಷ್ಣ ಕೂಡ ಹಾಡಿದ್ದಾರೆ. ಈ ಸಲದ ಜಗಳ ಮಣ್ಣಿನದು. ಬ್ರಿಟನ್ನಿಗೊಂದು ಅಳತೆ, ನಮಗೊಂದು ಅಳತೆ ಯಾಕೆ? ಮೊದಲನೆಯದಕ್ಕಿಂತ ಕಷ್ಟದ ವಿಷಯ, ಹಾಗಾಗಿ ನನಗೆ ಹೆಚ್ಚು ಇಷ್ಟ. ಆದರೆ ವಾದ ಅರ್ಧಕ್ಕೇ ನಿಂತಿದೆ.

ಅಮೆರಿಕದ ವಾಟರ್‌ಟೌನಿನಿಂದ ಬಂದ ಥರ್ಮಾಮೀಟರ್ ಕಾರ್ಖಾನೆ ಅದು. ಪಾದರಸ ಮೆತ್ತಿದ ಗಾಜು ಗುಜರಿ ಅಂಗಡಿಯಲ್ಲಿ ಸಿಕ್ಕ ಮೇಲೆ 2001ರಲ್ಲಿ ಮುಚ್ಚಿತು. 2003ರಲ್ಲಿ ಗಾಜಿನ ಕಸ ಹಡಗು ಹತ್ತಿ ಅಮೆರಿಕಕ್ಕೆ ವಾಪಸ್ ಹೋಯ್ತು. ಮಣ್ಣಿಗೆ ಆ ಭಾಗ್ಯ ಇಲ್ಲ ನೋಡಿ. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಪಾದರಸದವರೆಗೆ ಇಳಿಸಿದರೆ ಸಾಕು ಅನ್ನೋ ಗುರಿಗೆ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿತು.

2009ರಲ್ಲಿ ಬ್ರಿಟನ್ನಿನ ಪರಿಸರ ಏಜೆನ್ಸಿ ಮನೆಗಳಿರುವ ಜಾಗಕ್ಕೆ ಕೊಟ್ಟ ಮಾರ್ಗದರ್ಶಿ ಸಂಖ್ಯೆ 1. ಇಪ್ಪತ್ತು ಪಟ್ಟು ವ್ಯತ್ಯಾಸ! ಸಿಟ್ಟು ಬರೋದು ಸಹಜ. ಆದರೆ ಅದೇ ಪಟ್ಟಿಯಲ್ಲಿ ಇನ್ನೂ ಎರಡು ಸಂಖ್ಯೆಗಳಿವೆ. 1 ಅನ್ನೋದು ಥರ್ಮಾಮೀಟರಿನಲ್ಲಿ ಹೊಳೆಯುವ ಶುದ್ಧ ಪಾದರಸಕ್ಕೆ. ಅದು ಆವಿಯಾಗಿ ಮನೆಯೊಳಗೆ ಸೇರುತ್ತೆ ಅನ್ನೋ ಭಯಕ್ಕೆ. ಅಜೈವಿಕ ಲವಣಗಳಿಗೆ 170. ಮೀಥೈಲ್ ಪಾದರಸಕ್ಕೆ 11. ವರ್ಷಗಟ್ಟಲೆ ಮಣ್ಣಲ್ಲಿ ಬಿದ್ದ ಪಾದರಸ ರೂಪ ಬದಲಿಸುತ್ತಾ ಹೋಗುತ್ತೆ. ಹಾಗಾಗಿ 1 ಮತ್ತು 20ನ್ನು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಕೇಸ್ ಗೆದ್ದಹಾಗಲ್ಲ. ಕಂಪನಿಯ ಎಂಜಿನಿಯರ್ 170 ತೋರಿಸಿದರೆ ನಮ್ಮ ಹತ್ತಿರ ಏನಿದೆ ಉತ್ತರ?

ಇದೆ, ಹಾಡು ಅದನ್ನು ಹಿಡಿಯಲಿಲ್ಲ ಅಷ್ಟೆ. ಇಂಥ ಸಂಖ್ಯೆ ಲ್ಯಾಬಲ್ಲಿ ಸಿಗಲ್ಲ, ಊಹೆಗಳಿಂದ ಕಟ್ಟುತ್ತಾರೆ. ಅಲ್ಲಿ ಯಾರು ಇರ‍್ತಾರೆ, ದಿನಕ್ಕೆ ಎಷ್ಟು ಹೊತ್ತು, ಮಗು ಆಡುವಾಗ ಎಷ್ಟು ಮಣ್ಣು ಬಾಯಿಗೆ ಹೋಗುತ್ತೆ? ಮನೆ ಅಂದರೆ ಒಂದು ಉತ್ತರ, ಗೋಡೌನ್ ಅಂದರೆ ಇನ್ನೊಂದು. ಆದರೆ ಆ ಕಾರ್ಖಾನೆಯ ಕೆಳಗೆ ಇರೋದು ಮನೆಯಲ್ಲ, ಪಾಂಬಾರ್ ಶೋಲಾ ಕಾಡು. ಮಳೆಗೆ ಮಣ್ಣು ಜಾರಿದರೆ ತೊರೆಗೆ. ಕೆಸರಿನ ಬ್ಯಾಕ್ಟೀರಿಯಾ ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತೆ, ಅದು ಮೀನಿನಲ್ಲಿ ಸೇರಿಕೊಳ್ಳುತ್ತೆ, ಚಿಕ್ಕ ಮೀನಿಗಿಂತ ದೊಡ್ಡದರಲ್ಲಿ ಹೆಚ್ಚು. ಅಂಗಳದಲ್ಲಿ ಆಡುವ ಮಗುವನ್ನು ಲೆಕ್ಕ ಹಾಕುವ ಸೂತ್ರಕ್ಕೆ ಈ ಮೀನು ಕಾಣೋದೇ ಇಲ್ಲ. 1 ಇರಲಿ, 170 ಇರಲಿ, ಎರಡೂ ಬೇರೆ ಪ್ರಶ್ನೆಯ ಉತ್ತರಗಳು.

ಹೆಚ್ಚು ಅಗೆದರೆ ಮರ ಕಡೀಬೇಕು, ಇಳಿಜಾರು ಕುಸಿಯುತ್ತೆ ಅನ್ನೋ ವಾದವೂ ಇದೆ. ತಳ್ಳಿಹಾಕೋ ಮಾತಲ್ಲ ಅದು, ಸಡಿಲವಾದ ಮಣ್ಣೇ ಮೊದಲು ತೊರೆಗೆ ಹೋಗೋದು. ಆದರೆ ಅದು ಹೇಗೆ ಅಗೀಬೇಕು ಅನ್ನೋದಕ್ಕೆ ಉತ್ತರ. ಎಷ್ಟು ಪಾದರಸ ಉಳಿದರೆ ಸುರಕ್ಷಿತ ಅನ್ನೋದಕ್ಕಲ್ಲ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಕಲಸಿಬಿಟ್ಟರೆ ಯಾವುದು ಆರೋಗ್ಯಕ್ಕಾಗಿ ಇಟ್ಟಿದ್ದು, ಯಾವುದು ಖರ್ಚಿಗಾಗಿ ಬಿಟ್ಟಿದ್ದು ಅಂತ ಯಾರಿಗೂ ಗೊತ್ತಾಗಲ್ಲ.

ಮೂರನೇ ಹಾಡು ಬರೋದಾದರೆ ದಯವಿಟ್ಟು ಮೀನಿನಿಂದ ಶುರು ಮಾಡಿ. ಟ್ಯೂನ್ ಯಾರದ್ದಾದರೂ ಪರವಾಗಿಲ್ಲ.