ಡೇರೆ ಹೊಳೆ ದಂಡೆಗೆ ಬೇಡ

ಅಥಣಿಯಿಂದ ಸೈಕಲ್ ಮೇಲೆ ಊರೂರು ತಿರುಗಲು ದೀಪಾವಳಿ ಕಳೆದ ಮೇಲಿನ ದಿನಗಳೇ ಸೈ. ಕಾಗವಾಡ, ಶೇಡಬಾಳ, ಉಗಾರದ ಕಡೆ ಪಡುವಣಕ್ಕೆ ಹೊರಟವನಿಗೆ ಮೂಡಣ ಗಾಳಿ ಬೆನ್ನಿಗಿರುತ್ತದೆ. ಏರಿಳಿವೂ ಅಷ್ಟಕ್ಕಷ್ಟೆ. ಹಾಗಾಗಿ ಹೊಸಬರು ಕಿಲೋಮೀಟರ್ ಎಣಿಸತೊಡಗುತ್ತಾರೆ. ನಿಗದಿತ ತಾಸಿನೊಳಗೆ ದೂರ ಮುಗಿಸಬೇಕಾದ ಬ್ರೆವೆ ಸವಾರಿ ಓಡಿಸುವವರಿಗೆ ಆ ಲೆಕ್ಕ ಬೇಕು: 200 ಕಿ.ಮೀ.ಗೆ ಹದಿಮೂರೂವರೆ ತಾಸು, 600ಕ್ಕೆ 40 ತಾಸು. ಡೇರೆ ಹೇರಿಕೊಂಡವನು ನೋಡಬೇಕಾದದ್ದು ಹೊತ್ತು ಮುಳುಗುವ ಮೊದಲು ಎಲ್ಲಿ ಇಳಿಯಬೇಕು ಎಂಬುದನ್ನು.

ಕಾರಣ ಕಬ್ಬು. ಹಂಗಾಮು ಶುರುವಾದರೆ ಕಾರ್ಖಾನೆ ದಾರಿಯ ತುಂಬ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು. ಎಷ್ಟೋ ಟ್ರೇಲರಿಗೆ ಹಿಂದೆ ದೀಪವಿಲ್ಲ, ಕಬ್ಬಿನ ತುದಿ ರಸ್ತೆಗೆ ಚಾಚಿರುತ್ತದೆ. ಡ್ರೈವರ್ ಹಚ್ಚಿದ ಹಾಡಿನ ಮುಂದೆ ನಿಮ್ಮ ಬೆಲ್ ಯಾವ ಲೆಕ್ಕ?

ಹೊಲದ ದಾರಿ ಹಿಡಿಯೋಣವೆಂದರೆ ಎರೆ ಮಣ್ಣು. ರಾತ್ರಿ ನೀರು ಹಾಯಿಸಿದ ಕಬ್ಬಿನ ಬದುವಿನಲ್ಲಿ ಹತ್ತು ಮಾರು ಹೋದರೆ ಸಾಕು, ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಒತ್ತಿ ಗಾಲಿ ನಿಂತೇಬಿಡುತ್ತದೆ. ಜಾಲಿ ಕಡ್ಡಿಯಿಂದ ಕೆರೆದು ತೆಗೆಯಬೇಕು. ಆ ಕಡ್ಡಿಯ ಮುಳ್ಳೇ ಟ್ಯೂಬಿಗೆ ಚುಚ್ಚುವುದೂ ಉಂಟು! ಈ ಭಾಗಕ್ಕೆ ಬರುವಾಗ ಮಡ್‌ಗಾರ್ಡ್ ಬಿಚ್ಚಿಡುವುದೇ ವಾಸಿ.

ಕೃಷ್ಣೆಯ ದಂಡೆ ಫೋಟೋಕ್ಕೆ ಚೆನ್ನ, ಮಲಗಲು ಅಲ್ಲ. ಈ ಹೊಳೆಯಲ್ಲಿ ಮೊಸಳೆಗಳಿವೆ. ನಾನು ಜಾಗ ಆರಿಸುವುದು ಕಬ್ಬು ಕಡಿಯುವ ಗ್ಯಾಂಗಿನವರನ್ನು ನೋಡಿ. ಬೀಡ್ ಕಡೆಯಿಂದ ಸಂಸಾರ ಸಮೇತ ಬಂದು ತಿಂಗಳುಗಟ್ಟಲೆ ಗುಡಿಸಲಲ್ಲಿರುವ ಅವರಿಗೆ ಇದು ಹೊಟ್ಟೆಪಾಡು, ನಮ್ಮಂತೆ ಶೋಕಿಯಲ್ಲ. ಆದರೆ ಗಟ್ಟಿ ನೆಲ ಯಾವುದು, ಕುಡಿಯುವ ನೀರು ಎಲ್ಲಿ ಹತ್ತಿರ ಎಂಬುದು ಅವರಷ್ಟು ಯಾರಿಗೆ ಗೊತ್ತು? ಡೇರೆಯ ಕೆಳಗೆ ಒಂದು ಗೇಣು ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾಸಿದರೆ ಪೇಟೆಯ ಮ್ಯಾಟ್ ಬೇಕಾಗದು. ಒಲೆಯನ್ನು ಮಾತ್ರ ದೂರ ಹೂಡಿ, ರವದಿಗೆ ಒಂದು ಕಿಡಿ ಸಾಕು.

ಊರೊಳಗಾದರೆ ಗುಡಿಯ ಪೌಳಿ ಕೇಳಿ. "ಯಾವೂರ್ರಿ ನಿಮ್ದು? ಊಟ ಆತೇನ್ರಿ?" ಎಂಬಲ್ಲಿಗೆ ಅರ್ಧ ಕೆಲಸ ಮುಗಿದಂತೆ. ರೊಟ್ಟಿ, ಶೇಂಗಾ ಹಿಂಡಿ ಬಂದಾಗ ಸಂಕೋಚ ಬೇಡ.

ಬೆಳಿಗ್ಗೆ ಉಗಾರ–ಕುಡಚಿ ಸೇತುವೆ ದಾಟಿ ರಾಯಬಾಗದತ್ತ ತಿರುಗಬಹುದು. ಮಳೆಗಾಲದ ನೆರೆಯಲ್ಲಿ ಮುಳುಗುವ ಸೇತುವೆ ಅದು, ಈಗ ತೊಂದರೆಯಿಲ್ಲ. ಭಾರತ ಹುಣ್ಣಿಮೆಯ ಆಸುಪಾಸು ಹೊರಟರೆ ಚಿಂಚಲಿಯಲ್ಲಿ ಮಾಯಕ್ಕ ದೇವಿಯ ಜಾತ್ರೆ. ಚಕ್ಕಡಿ ಹೂಡಿ ಬಂದವರು ಹೊಲ ತುಂಬ ಇಳಿದಿರುತ್ತಾರೆ, ಏಕಾಂತ ಬೇಕಾದವರು ಆ ವಾರ ಚಿಕ್ಕೋಡಿಯ ದಾರಿ ಹಿಡಿಯಲಿ.