ಒಂದು ಉಪಮೆಯ ಔಚಿತ್ಯವಿಚಾರ

ಮಧ್ಯ ಯೂರೋಪಿನ ಸ್ಲೊವಾಕಿಯಾ ದೇಶದಲ್ಲಿ 2019ರ ಜೂನ್ 15ರಿಂದ 2024ರ ಜೂನ್ 15ರವರೆಗೆ ರಾಷ್ಟ್ರಾಧ್ಯಕ್ಷ ಪದವಿಯಲ್ಲಿದ್ದ ಶ್ರೀಮತಿ ಜುಜಾನಾ ಚಾಪುತೋವಾ ಅವರ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ವೃತ್ತಪತ್ರಿಕೆಗಳಲ್ಲಿ ಓದಿರಬಹುದು. ಓದಿದವರಿಗೆ ಆ ಹೆಸರಿನೊಡನೆ ಅಂಟಿಕೊಂಡು ಬರುವ ಒಂದು ಬಿರುದೂ ನೆನಪಿರಬಹುದು. ‘ಸ್ಲೊವಾಕಿಯಾದ ಎರಿನ್ ಬ್ರೊಕೊವಿಚ್’ ಎಂಬುದೇ ಆ ಬಿರುದು. ಇವರನ್ನು ಕುರಿತು ಬರೆದವರಲ್ಲಿ ಬಹುಮಂದಿ ಈ ಮಾತನ್ನು ಮೊದಲು ಆಡಿಬಿಡುವರು. ಆಡಿದ ಮೇಲೆ ಅದು ಹಾಕಿಕೊಟ್ಟ ಜಾಡಿನಲ್ಲಿಯೇ ಕಥೆಯನ್ನು ನಡೆಯಿಸಿಕೊಂಡು ಹೋಗುವರು. ಬಹುಕಾಲ ಹುಡುಗರಿಗೆ ಅಲಂಕಾರಪಾಠ ಹೇಳಿ ಈಗ ಮನೆಯಲ್ಲಿ ಕುಳಿತಿರುವ ನನ್ನಂಥವನಿಗೆ ಉಪಮೆಯೊಂದು ಕಣ್ಣಿಗೆ ಬಿದ್ದರೆ ಅದನ್ನು ಬಿಡಿಸಿ ನೋಡದೆ ಇರಲಾಗದು. ಇದು ವೃತ್ತಿದೋಷವೆಂದು ವಾಚಕರು ಮನ್ನಿಸಬೇಕು.

ಮೊದಲು ಉಪಮಾನವನ್ನು ನೋಡೋಣ. ಎರಿನ್ ಬ್ರೊಕೊವಿಚ್ ಎಂಬಾಕೆ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಒಂದು ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು, ಸ್ವತಃ ವಕೀಲರಲ್ಲ. ಹಿಂಕ್ಲಿ ಎಂಬ ಹಳ್ಳಿಯ ಅಂತರ್ಜಲದಲ್ಲಿ ಕ್ರೋಮಿಯಂ ವಿಷ ಸೇರಿದುದನ್ನು ಕುರಿತು ಆಕೆ ಕಾಗದಪತ್ರಗಳನ್ನು ಹುಡುಕಿ, ಮನೆಮನೆಗೆ ಹೋಗಿ, ಜನರನ್ನು ಒಗ್ಗೂಡಿಸಿದರು. 1996ರಲ್ಲಿ ಆ ವ್ಯಾಜ್ಯವು 33 ಕೋಟಿ 30 ಲಕ್ಷ ಡಾಲರುಗಳ ಪರಿಹಾರದ ಒಪ್ಪಂದದಿಂದ ಮುಗಿಯಿತು. 2000ದಲ್ಲಿ ಆ ವೃತ್ತಾಂತವು ಚಲಚ್ಚಿತ್ರವಾಗಿ ಲೋಕಪ್ರಸಿದ್ಧವಾಯಿತು. ಆಕೆಯ ಶ್ರಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಹೆಚ್ಚಿನವರ ಮನಸ್ಸಿನಲ್ಲಿ ನಿಂತಿರುವುದು ಆ ಚಲಚ್ಚಿತ್ರದ ನಾಯಿಕೆ. ಮಾತಿನಲ್ಲಿ ಕಡ್ಡಿಮುರಿಯುವಂಥವಳು, ಎದುರಾಳಿಯನ್ನು ಮುಖಕ್ಕೆ ಮುಖ ಕೊಟ್ಟು ನಾಚಿಸುವವಳು, ಕೊನೆಯಲ್ಲಿ ದೊಡ್ಡ ಮೊತ್ತವನ್ನು ಗೆದ್ದು ತರುವವಳು. ಇದೇ ಆ ಚಿತ್ರ.

ಇನ್ನು ಉಪಮೇಯ. ಶ್ರೀಮತಿ ಚಾಪುತೋವಾ ಹುಟ್ಟಿದುದು 1973ರಲ್ಲಿ, ಬ್ರಾಟಿಸ್ಲಾವಾ ನಗರದಲ್ಲಿ. ಬೆಳೆದುದು ಅದಕ್ಕೆ ಸಮೀಪವಾದ ಪೆಜಿನೋಕ್ ಎಂಬ ಸಣ್ಣ ಊರಿನಲ್ಲಿ. ಚಿಕ್ಕ ಕಾರ್ಪೇಥಿಯನ್ ಬೆಟ್ಟಗಳ ಅಡಿಯಲ್ಲಿರುವ ಆ ಊರು ದ್ರಾಕ್ಷಿಯ ತೋಟಗಳಿಗೂ ಮದ್ಯಕ್ಕೂ ಹೆಸರಾದುದು. 1996ರಲ್ಲಿ ಕೊಮೆನಿಯಸ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರಪದವಿ ಪಡೆದು, ಊರಿನ ಪುರಸಭೆಯಲ್ಲಿ ಕೆಲಸ ಮಾಡಿ, 2001ರಿಂದ ‘ವಿಯಾ ಯೂರಿಸ್’ ಎಂಬ ಸಂಸ್ಥೆಯಲ್ಲಿ ಸಾರ್ವಜನಿಕರ ಪರವಾಗಿ ವಾದಿಸುವ ವಕೀಲರಾದರು. ಊರಿನಲ್ಲಿ 1960ರ ದಶಕದಿಂದಲೂ ಜನವಸತಿಯ ಪಕ್ಕದಲ್ಲಿ ಒಂದು ಕಸದ ಗುಂಡಿಯಿದ್ದಿತು. ಅದರ ದುರ್ವಾಸನೆಯನ್ನೂ ನೆರೆಹೊರೆಯವರ ರೋಗಗಳನ್ನೂ ಇವರು ಕಂಡವರೇ. ಅದು ತುಂಬುತ್ತ ಬಂದಾಗ, ಇಟ್ಟಿಗೆಯ ಮಣ್ಣು ತೆಗೆದು ಬಿಟ್ಟಿದ್ದ ಒಂದು ಹಳ್ಳದಲ್ಲಿ ಇನ್ನೊಂದು ಕಸದ ಗುಂಡಿಯನ್ನು ಮಾಡುವ ಏರ್ಪಾಟು ನಡೆಯಿತು.

ಇಲ್ಲಿಂದ ಮುಂದಿನ ಕಥೆಯನ್ನು ಬರೆಹಗಾರರು ಎರಡೇ ವಾಕ್ಯಗಳಲ್ಲಿ ದಾಟಿಬಿಡುವರು: ಹೋರಾಡಿದರು, 2013ರಲ್ಲಿ ಗೆದ್ದರು. ನನಗಾದರೋ ರಸವೆಲ್ಲ ಇರುವುದು ಈ ದಾಟಿದ ಭಾಗದಲ್ಲಿಯೇ. ಈ ಗುಂಡಿಯನ್ನು ಇಂಥ ಸ್ಥಳದಲ್ಲಿ ಮಾಡಬಹುದೆಂದು ಅಧಿಕಾರಿಗಳು ನಿರ್ಣಯಿಸಿದ ಒಂದು ಕಾಗದವಿದ್ದಿತು. ಊರಿನವರು ಅದನ್ನು ನೋಡಬೇಕೆಂದರು. ಅದು ‘ವ್ಯಾಪಾರರಹಸ್ಯ’ ಎಂಬ ಉತ್ತರ ಬಂದಿತು! ತಮ್ಮ ಮನೆಯ ಮಗ್ಗುಲಿಗೆ ಬರುವ ಕಸವು ಏಕೆ ಬರುವುದೆಂಬುದು ಮನೆಯವರಿಗೆ ತಿಳಿಯಕೂಡದ ರಹಸ್ಯವಂತೆ. 2008ರಲ್ಲಿ ಪರವಾನಗಿ ದೊರೆಯಿತು. 2009ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಜನ ಗೆದ್ದೆವೆಂದುಕೊಳ್ಳುವಷ್ಟರಲ್ಲಿ, 2010ರಲ್ಲಿ ಸಂವಿಧಾನ ನ್ಯಾಯಾಲಯ ಆ ತೀರ್ಪನ್ನೇ ತಳ್ಳಿಹಾಕಿತು. ಆಗ ಸರ್ವೋಚ್ಚ ನ್ಯಾಯಾಲಯವು ಲಕ್ಸೆಂಬರ್ಗಿನಲ್ಲಿರುವ ಯೂರೋಪು ಒಕ್ಕೂಟದ ನ್ಯಾಯಾಲಯಕ್ಕೆ ಪ್ರಶ್ನೆಗಳನ್ನು ಕಳುಹಿಸಿತು. 2013ರ ಜನವರಿ 15ರಂದು ಉತ್ತರ ಬಂದಿತು: ಸ್ಥಳನಿರ್ಣಯದ ಆ ಕಾಗದವನ್ನು ಸಾರ್ವಜನಿಕರು ನೋಡಲು ಹಕ್ಕುಳ್ಳವರು, ವ್ಯಾಪಾರರಹಸ್ಯದ ನೆಪದಿಂದ ಅದನ್ನು ಮರೆಮಾಡಲಾಗದು. ಈ ಹಕ್ಕಿಗೆ ಬೇರು 1998ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ. ಅದೇ ವರ್ಷ ಸ್ಲೊವಾಕಿಯಾದ ಸರ್ವೋಚ್ಚ ನ್ಯಾಯಾಲಯ ಪರವಾನಗಿಯನ್ನು ತೆಗೆದುಹಾಕಿತು. ಈ ಶ್ರಮಕ್ಕಾಗಿ 2016ರಲ್ಲಿ ಇವರಿಗೆ ಗೋಲ್ಡ್‌ಮನ್ ಪರಿಸರ ಪಾರಿತೋಷಕ ಸಂದಿತು.

ಈಗ ಉಪಮೆಯ ಸಾಧಾರಣಧರ್ಮವೆಲ್ಲಿ? ಒಂದು ಕಡೆ ಹಣದ ಪರಿಹಾರ, ಇನ್ನೊಂದು ಕಡೆ ಹಕ್ಕಿನ ನಿರ್ಣಯ. ಒಂದು ಆ ಊರಿನವರ ಕೈಸೇರಿ ಮುಗಿಯಿತು. ಇನ್ನೊಂದು ಯೂರೋಪು ಒಕ್ಕೂಟದ ಎಲ್ಲ ಊರುಗಳಿಗೂ ಆಧಾರವಾಗಿ ಉಳಿಯಿತು. ಪ್ರಾಚೀನರು ಉಪಮೆಗೆ ಏಳು ದೋಷಗಳನ್ನು ಎಣಿಸಿರುವರು. ಅವುಗಳಲ್ಲಿ ಲಿಂಗವಚನಭೇದಗಳನ್ನೂ ಹೀನತೆ ಅಧಿಕತೆಗಳನ್ನೂ, ಬಲ್ಲವರಿಗೆ ಉದ್ವೇಗವಾಗದಿದ್ದರೆ, ದಂಡಿಯು ಉದಾರಬುದ್ಧಿಯಿಂದ ಕ್ಷಮಿಸಿರುವನು. ಇಲ್ಲಿರುವುದು ಅಸದೃಶತೆ, ಹೋಲಿಕೆಯೇ ಇಲ್ಲದ ಕಡೆ ಹೋಲಿಸುವುದು. ನೆರೆಯವರ ರೋಗವನ್ನು ಕಂಡು ಎದ್ದವರು ಎಂಬ ಒಂದಂಶದಲ್ಲಿ ಮಾತ್ರ ಇಬ್ಬರೂ ಸಮಾನರು. ಅಷ್ಟರಿಂದಲೇ ಬಿರುದು ಕೊಡುವುದಾದರೆ, ಹಾಗೆ ಎದ್ದವರು ಲೋಕದಲ್ಲಿ ಎಷ್ಟೋ ಮಂದಿ ಇರುವರು.

ಹಾಗಾದರೆ ಈ ಚರಿತ್ರೆಯ ನಾಯಿಕೆಯನ್ನು ಯಾವ ವರ್ಗಕ್ಕೆ ಸೇರಿಸಬೇಕು? ಧನಂಜಯನು ‘ದಶರೂಪಕ’ದಲ್ಲಿ ಹೇಳುವ ನಾಯಕರಲ್ಲಿ ಧೀರಶಾಂತನೂ ಒಬ್ಬನು. ಮೃಚ್ಛಕಟಿಕದ ಚಾರುದತ್ತನು ಆ ವರ್ಗದವನೆಂಬುದನ್ನು ಬಲ್ಲವರು ಬಲ್ಲರು. ಅವನ ಧೈರ್ಯವು ತಾಳ್ಮೆಯ ರೂಪದಲ್ಲಿಯೇ ಕಾಣಿಸುವುದು. ಲಕ್ಷಣಕಾರರು ಪುರುಷರನ್ನು ಮನಸ್ಸಿನಲ್ಲಿಟ್ಟು ಮಾಡಿದ ವಿಭಾಗವಾದರೂ, ಪರವಾನಗಿಯೊಂದರ ಹಿಂದೆ ಅಷ್ಟು ವರ್ಷ ನಡೆದ ಈ ಮಹಿಳೆಗೆ ಅದಕ್ಕಿಂತ ಒಪ್ಪುವ ಹೆಸರನ್ನು ನಾನು ಕಾಣೆನು.

ಇಷ್ಟು ಹೇಳಿ ನಾಯಿಕೆಯ ಪಕ್ಷವನ್ನೇ ಹಿಡಿದೆನೆಂದು ಯಾರೂ ತಿಳಿಯಬಾರದು. ಈ ತಪ್ಪುಕಲ್ಪನೆಗೆ ಇವರೂ ಸ್ವಲ್ಪ ಎಡೆಗೊಟ್ಟರು. 2018ರ ಫೆಬ್ರವರಿಯಲ್ಲಿ ಯಾನ್ ಕುಟ್ಸಿಯಾಕ್ ಎಂಬ ತರುಣ ಪತ್ರಿಕಾಲೇಖಕನೂ ಅವನು ಮದುವೆಯಾಗಬೇಕಾಗಿದ್ದ ಮಾರ್ಟಿನಾ ಕುಷ್ನೀರೋವಾ ಎಂಬವಳೂ ಕೊಲೆಯಾದರು. ದೇಶವೆಲ್ಲ ಬೀದಿಗಿಳಿಯಿತು, ಪ್ರಧಾನಿ ರಾಬರ್ಟ್ ಫಿಟ್ಸೊ ಮಾರ್ಚಿಯಲ್ಲಿ ರಾಜೀನಾಮೆಯಿತ್ತರು. ಆ ಕಾವಿನಲ್ಲಿ ಚುನಾವಣೆಗೆ ನಿಂತ ಶ್ರೀಮತಿ ಚಾಪುತೋವಾ, ಕೇಡನ್ನು ಎದುರಿಸಿ ನಿಲ್ಲೋಣವೆಂಬ ಕರೆಯನ್ನು ತಮ್ಮ ಘೋಷವಾಕ್ಯವಾಗಿ ಮಾಡಿಕೊಂಡರು. ಅದು ವೀರರಸದ ಮಾತು. ಅಂಥ ಮಾತನ್ನಾಡಿದವರಿಂದ ಜನರು ಯುದ್ಧವನ್ನೇ ನಿರೀಕ್ಷಿಸುವರು. 2019ರ ಮಾರ್ಚ್ 30ರಂದು ಇವರು ಶೇಕಡ 58.4 ಮತಗಳಿಂದ ಗೆದ್ದು, ಆ ಪದವಿಗೇರಿದ ಮೊದಲ ಮಹಿಳೆಯಾದರು. ಆದರೆ ಗೆದ್ದ ಆ ರಾತ್ರಿ, ಸ್ಲೊವಾಕ್ ಭಾಷೆಯೊಂದರಲ್ಲಿ ನಿಲ್ಲದೆ, ಅಲ್ಪಸಂಖ್ಯಾತರ ಭಾಷೆಗಳಾದ ಹಂಗೇರಿಯನ್, ರೊಮಾನಿ ಮೊದಲಾದವುಗಳಲ್ಲಿಯೂ ಕೃತಜ್ಞತೆ ಹೇಳಿದರು. ಘೋಷವಾಕ್ಯಕ್ಕಿಂತ ಇದೇ ಇವರ ಸ್ವಭಾವಕ್ಕೆ ತಕ್ಕುದೆಂದು ನನಗೆ ತೋರುವುದು.

ಅಲ್ಲಿನ ರಾಷ್ಟ್ರಾಧ್ಯಕ್ಷರ ಅಧಿಕಾರವು ಪರಿಮಿತವಾದುದು, ದೇಶವನ್ನಾಳುವವನು ಪ್ರಧಾನಿ. ಆ ಪರಿಮಿತಿಯಲ್ಲಿ ಇವರು ನಡೆದ ರೀತಿಯಾದರೂ ಕಸದ ಗುಂಡಿಯ ವ್ಯಾಜ್ಯದ ರೀತಿಯೇ: ಸಂದೇಹ ಬಂದರೆ ನ್ಯಾಯಾಲಯವನ್ನು ಕೇಳುವುದು. 2021ರಲ್ಲಿ ಕಾಲಕ್ಕೆ ಮುಂಚೆ ಚುನಾವಣೆ ಬೇಕೆಂದು ಐದು ಲಕ್ಷಕ್ಕೂ ಮೀರಿದ ಜನ ಸಹಿಹಾಕಿ ಜನಮತಗಣನೆಯನ್ನು ಕೋರಿದಾಗ, ಅದನ್ನೂ ಸಂವಿಧಾನ ನ್ಯಾಯಾಲಯದ ಮುಂದಿಟ್ಟರು. ಅದು ಸಂವಿಧಾನಕ್ಕೆ ಒಪ್ಪದೆಂದು ತೀರ್ಪಾಯಿತು. 2024ರಲ್ಲಿ, ಮರಳಿ ಅಧಿಕಾರಕ್ಕೆ ಬಂದಿದ್ದ ಫಿಟ್ಸೊ ಅವರ ಸರ್ಕಾರ ದಂಡಸಂಹಿತೆಯನ್ನು ತಿದ್ದಿ ವಿಶೇಷ ಅಭಿಯೋಜಕರ ಕಚೇರಿಯನ್ನು ಮುಚ್ಚಲು ಹೊರಟಾಗಲೂ ಅದೇ ಬಾಗಿಲನ್ನು ತಟ್ಟಿದರು. ನ್ಯಾಯಾಲಯವು ತಿದ್ದುಪಡಿಯ ಬಹುಭಾಗವನ್ನು ತತ್ಕಾಲಕ್ಕೆ ತಡೆಯಿತು. ಕಚೇರಿ ಮಾತ್ರ ಮುಚ್ಚಿಯೇ ಹೋಯಿತು. ಜುಲೈಯಲ್ಲಿ ತಿದ್ದುಪಡಿಯ ಬಹುಭಾಗವೂ ಊರ್ಜಿತವಾಯಿತು. ಜನರು ಬೇಡಿದುದನ್ನು ಕಾನೂನಿನ ಒರೆಗೆ ಹಚ್ಚಿದುದು ಜನವಿರೋಧವಲ್ಲವೆ ಎಂದು ಕೇಳುವವರಿರಬಹುದು. ನೆರೆಯವರ ಕಷ್ಟಕ್ಕೆ ಒಂದು ಕಾನೂನು, ಎದುರಾಳಿಗಳ ಸಹಿಗಳಿಗೆ ಇನ್ನೊಂದು ಎಂದು ಇವರು ನಡೆಯಲಿಲ್ಲವೆಂಬುದನ್ನಾದರೂ ಅವರು ಒಪ್ಪಬೇಕು.

ಕೊನೆಯ ಅಂಕದಲ್ಲಿಯೇ ಉಪಮೆಯು ಪೂರ್ಣವಾಗಿ ಮುರಿದುಬೀಳುವುದು. 2023ರ ಜೂನ್‌ನಲ್ಲಿ, ಇನ್ನೊಂದು ಅವಧಿಗೆ ಬೇಕಾದ ಶಕ್ತಿ ತಮ್ಮಲ್ಲಿಲ್ಲವೆಂದು ಹೇಳಿ, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಪ್ರಕಟಿಸಿದರು. ಇವರಿಗೂ ಮನೆಯವರಿಗೂ ಕೊಲೆಯ ಬೆದರಿಕೆಗಳು ಬಂದಿದ್ದವು. ವೀರಕಥೆಯನ್ನು ಹೇಳುತ್ತಿದ್ದವರಿಗೆ ಇದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಲವರು ಸೋಲೆಂದರು, ಕೆಲವರು ಕೈಬಿಟ್ಟು ಹೋದರೆಂದು ಕೊರಗಿದರು. ಆ ಕೊರಗು ನಿರಾಧಾರವಲ್ಲ. ಇವರನ್ನು ನಂಬಿ ಬೀದಿಗೆ ಬಂದಿದ್ದ ತರುಣರಿಗೆ ಅದು ನಿಜವಾದ ನಷ್ಟ. ನಾನೂ ಅದನ್ನು ಲಘುವಾಗಿ ಎಣಿಸಲಾರೆನು. ಆದರೆ ಇಲ್ಲದ ಶಕ್ತಿಯನ್ನು ಇದೆಯೆಂದು ನಟಿಸಿದ್ದರೆ, ಮುಚ್ಚಿಟ್ಟ ಕಾಗದವನ್ನು ತೆರೆಯಿಸಿದ ಕೈಯೇ ಇನ್ನೊಂದನ್ನು ಮುಚ್ಚಿಟ್ಟಂತೆ ಆಗುತ್ತಿದ್ದಿತು. 2024ರ ಮೇ 15ರಂದು ಫಿಟ್ಸೊ ಅವರ ಮೇಲೆ ಗುಂಡು ಹಾರಿದಾಗ, ತಮ್ಮನ್ನು ಬಹಳವಾಗಿ ನಿಂದಿಸಿದ್ದ ಆ ಮನುಷ್ಯನ ಮೇಲಾದ ಹಿಂಸೆಯನ್ನು ಖಂಡಿಸಿ, ತಮ್ಮ ನಂತರ ಬರಲಿದ್ದ ಪೀಟರ್ ಪೆಲ್ಲೆಗ್ರೀನಿ ಅವರೊಡನೆ ನಿಂತು, ಶಾಂತರಾಗಿರೆಂದು ಜನರನ್ನು ಬೇಡಿಕೊಂಡರು. ಒಂದು ತಿಂಗಳ ಮೇಲೆ ಪದವಿಯಿಂದಿಳಿದರು.

ಈ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಯಾರಾದರೂ ಮನಸ್ಸು ಮಾಡಿದರೆ, ಅವರಲ್ಲಿ ನನ್ನದು ಒಂದೇ ಬಿನ್ನಹ. ಅರಮನೆಯ ಮೆಟ್ಟಿಲಿನಿಂದ ಆರಂಭಿಸದೆ, ಅಧಿಕಾರಿಗಳು ಕೊಡಲೊಲ್ಲದ ಆ ಒಂದು ಕಾಗದದಿಂದ ಆರಂಭಿಸಲಿ. ಬಿರುದನ್ನು ಬಿಟ್ಟು, ಇವರ ಹೆಸರನ್ನೇ ಹೇಳಲಿ.