ಕ್ಯಾವರ್ನ್ ನೆಲಮಾಳಿಗೆಯ ಬೀಟಲ್ಸ್

ಕಾಲದಲ್ಲಿ ಹಿಂದಕ್ಕೆ ಹೋಗಿ ಬೀಟಲ್ಸ್ ತಂಡವನ್ನು ಕಾಣುವುದು ಸಾಧ್ಯವಾದರೆ, ಇಳಿಯಬೇಕಾದ ಜಾಗ ಲಿವರ್‌ಪೂಲ್‌ನ ಮ್ಯಾಥ್ಯೂ ಸ್ಟ್ರೀಟಿನ ಕ್ಯಾವರ್ನ್ ಕ್ಲಬ್. ಗೋದಾಮಿನ ನೆಲಮಾಳಿಗೆಯಲ್ಲಿದ್ದ ಈ ಕ್ಲಬ್ 1957ರಲ್ಲಿ ಜಾಝ್ ಸಂಗೀತಕ್ಕೆಂದು ತೆರೆಯಿತು. ಇಟ್ಟಿಗೆಯ ಮೂರು ಕಮಾನುಗಳು, ನಡುವಿನ ಕಮಾನಿನ ತುದಿಯಲ್ಲಿ ಪುಟ್ಟ ವೇದಿಕೆ. ಗಾಳಿಯಾಡದ ಆ ಜಾಗದಲ್ಲಿ ಕೇಳುಗರ ಬೆವರಿನ ಹಬೆ ಗೋಡೆಗಳ ಮೇಲೆ ನೀರಾಗಿ ಇಳಿಯುತ್ತಿತ್ತು.

1961ರ ಫೆಬ್ರುವರಿಯಿಂದ ಬೀಟಲ್ಸ್ ಇಲ್ಲಿ ನುಡಿಸತೊಡಗಿತು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಆಗಲೇ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಗಳಲ್ಲಿ ತಾಸುಗಟ್ಟಲೆ ಹಾಡಿ ಹದಗೊಂಡಿದ್ದರು. ಕ್ಯಾವರ್ನ್‌ನಲ್ಲಿ ಮಧ್ಯಾಹ್ನ ಊಟದ ಬಿಡುವಿನಲ್ಲೂ ಕಾರ್ಯಕ್ರಮವಿರುತ್ತಿತ್ತು. ಸುತ್ತಲಿನ ಕಚೇರಿ, ಅಂಗಡಿಗಳ ಯುವಜನ ಬಂದು ಸೇರುತ್ತಿದ್ದರು. ಹಾಡುಗಾರರಿಗೂ ಮೊದಲ ಸಾಲಿಗೂ ಅಂತರವೇ ಇರಲಿಲ್ಲ. ಮುಂದೆ ಕ್ರೀಡಾಂಗಣಗಳ ಕೂಗಾಟದಲ್ಲಿ ಮುಳುಗಿಹೋದ ವಾದ್ಯ, ಕಂಠಗಳ ಹೊಂದಾಣಿಕೆ ಇಲ್ಲಿ ಕೈಯಳತೆಯಲ್ಲಿ ಕೇಳಸಿಗುತ್ತಿತ್ತು. ಈ ಸಾಮೀಪ್ಯವೇ ಆ ದಿನಗಳ ದೊಡ್ಡ ಸೊಗಸು.

1961ರ ನವೆಂಬರ್ 9ರಂದು ರೆಕಾರ್ಡ್ ಅಂಗಡಿಯ ಬ್ರಿಯಾನ್ ಎಪ್‌ಸ್ಟೀನ್ ಇಲ್ಲಿಯೇ ಅವರನ್ನು ನೋಡಿ, ಮುಂದೆ ತಂಡದ ವ್ಯವಸ್ಥಾಪಕನಾದ. 1962ರ ಆಗಸ್ಟ್‌ನಲ್ಲಿ ಪೀಟ್ ಬೆಸ್ಟ್ ಬದಲಿಗೆ ರಿಂಗೋ ಸ್ಟಾರ್ ಡ್ರಮ್ಸ್‌ಗೆ ಬಂದ. 1963ರ ಆಗಸ್ಟ್ 3ರಂದು ತಂಡ ಇಲ್ಲಿ ಕೊನೆಯ ಬಾರಿ ನುಡಿಸಿತು. ಮೂಲ ಕ್ಲಬ್ 1973ರಲ್ಲಿ ಮುಚ್ಚಿತು. 1984ರಲ್ಲಿ ಹಳೆಯ ಇಟ್ಟಿಗೆಗಳನ್ನೂ ಬಳಸಿ ಅದನ್ನು ಮತ್ತೆ ಕಟ್ಟಲಾಯಿತು.